ಮುಡಿಪಿನ ರೂಪಾಯಿ

ಬೇರೆ ಗಂಡಸರು ಆಫೀಸಿನಿಂದ ಬಂದವರೇ ಕಾಫಿ ಕೇಳುತ್ತಾರೆ. ನನ್ನ ಗಂಡ ಅನಂತರಾಮ ನನ್ನ ಪರ್ಸು ಕೇಳುತ್ತಿದ್ದರು. ಅದನ್ನು ಊಟದ ಮೇಜಿನ ಮೇಲೆ ಸುರಿದು, ಒಂದು ರೂಪಾಯಿಯ ನಾಣ್ಯಗಳನ್ನೆಲ್ಲ ಬೇರೆ ಮಾಡಿ, ಭೂತಗನ್ನಡಿ ಹಿಡಿದು ಕೂರುವುದು. ಇಸವಿಯ ಕೆಳಗೆ ಚುಕ್ಕೆ ಇದ್ದರೆ ನೋಯ್ಡಾ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ವಜ್ರದ ಗುರುತಿದ್ದರೆ ಮುಂಬೈಯದು, ಏನೂ ಇಲ್ಲದಿದ್ದರೆ ಕಲ್ಕತ್ತೆಯದು. ನಾನು ಇಷ್ಟಪಟ್ಟು ಕಲಿತದ್ದಲ್ಲ ಇದು. ದಿನಾ ಕಿವಿಗೆ ಬಿದ್ದು ಬಿದ್ದು ಬಂದದ್ದು.

ಇವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ತಿಪಟೂರಿನ ಕಡೆಯಿಂದ ಬಂದು ದಿಲ್ಲಿಯ ರೋಹಿಣಿಯಲ್ಲಿ ಸಣ್ಣ ಮನೆ ಮಾಡಿದ್ದೆವು. ಕುಡಿತವಿಲ್ಲ, ಸಿಗರೇಟಿಲ್ಲ, ಯಾರ ಗೊಡವೆಗೂ ಹೋಗುವವರಲ್ಲ. "ನಿಮ್ಮೆಜಮಾನ್ರಂಥ ಸಾಧು ಪ್ರಾಣಿ ಸಿಗಬೇಕಲ್ಲ ಜಲಜಾ" ಎಂದು ಪಕ್ಕದ ಮನೆಯ ವೈಜಯಂತಿ ಹೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಈ ಸಾಧು ಪ್ರಾಣಿಯ ಜೊತೆ ಆಕೆ ಒಂದು ಸಲ ಬಸ್ಸಿನಲ್ಲಿ ಹೋಗಬೇಕಿತ್ತು. ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಬಾಗಿಲಲ್ಲೇ ನಿಂತು ಬೆಳಕಿಗೆ ಹಿಡಿಯುವವರು ಇವರು, ಹಿಂದಿನವರ ಬೈಗುಳ ತಿನ್ನುವವಳು ನಾನು. ತರಕಾರಿಯವನನ್ನೂ ಬಿಡುತ್ತಿರಲಿಲ್ಲ. "ಭಯ್ಯಾ, ಯೇ ನಹೀ, ವೋ ವಾಲಾ ಸಿಕ್ಕಾ ದೇ ದೋ" ಎಂದು ಅವನ ಗೋಣಿಯ ಕೆಳಗಿನ ಚಿಲ್ಲರೆಯನ್ನೆಲ್ಲ ಕೆದಕಿಸುವರು.

ನನ್ನ ಪರ್ಸಿನಿಂದ ತೆಗೆದದ್ದಕ್ಕೆ ಬದಲಾಗಿ ಎರಡು ರೂಪಾಯಿಯ ನಾಣ್ಯವನ್ನೋ ಹರಕು ನೋಟನ್ನೋ ತಪ್ಪದೆ ಇಡುತ್ತಿದ್ದರು. "ನಿನಗೇನೂ ನಷ್ಟ ಇಲ್ಲವಲ್ಲ ಜಲಜಾ" ಎನ್ನುವರು. ಒಂದು ರೂಪಾಯಿಯೇ ಬೇಕಾಗುವ ಹೊತ್ತೊಂದು ಬರಬಹುದು ಎಂದು ಇವರಿಗೆ ಹೊಳೆಯಲೇ ಇಲ್ಲ. ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆರಿಸಿದ ನಾಣ್ಯಗಳನ್ನು ಇವರು ಸೇರಿಸಿಡುತ್ತಿದ್ದ ಆಲ್ಬಮಿನಲ್ಲಿ ಎಲ್ಲವೂ ತುಂಬಿ, ಒಂದೇ ಒಂದು ಕಿಸೆ ಖಾಲಿ ಉಳಿದಿತ್ತು. ಅದು ಮಗಳು ಸಿಂಚನಾ ಹುಟ್ಟಿದ ಇಸವಿಯ, ನಕ್ಷತ್ರದ ಗುರುತಿನ ರೂಪಾಯಿಯ ಜಾಗ. "ಅವಳ ಮದುವೆಗೆ ಪೂರ್ತಿ ಆಲ್ಬಂ ಉಡುಗೊರೆ ಕೊಡ್ತೀನಿ" ಎನ್ನುತ್ತಿದ್ದರು. ಮಗಳಿಗೆ ಬೇಕಾಗಿದ್ದದ್ದು ಆಲ್ಬಂ ಅಲ್ಲ, ಉಸಿರು. ದಿಲ್ಲಿಯಲ್ಲಿ ಚಳಿ ಕಾಲಿಟ್ಟಿತೆಂದರೆ ಹೊಗೆ, ಮಂಜು ಎಲ್ಲಾ ಸೇರಿ ಆ ಮಗುವಿನ ಎದೆ ಗೊರಗೊರ ಎನ್ನಲು ಶುರು. ಆ ವರ್ಷ ದೀಪಾವಳಿಯ ಪಟಾಕಿ ಮುಗಿದ ಬೆಳಗ್ಗೆ ಅವಳು ಒದ್ದಾಡಿದ್ದನ್ನು ನೋಡಲಾರದೆ ನಾನು ಧರ್ಮಸ್ಥಳದ ಮಂಜುನಾಥನಿಗೆ ಹರಕೆ ಹೊತ್ತೆ. ಹಾಲಿನವನು ಆಗಷ್ಟೇ ಕೊಟ್ಟಿದ್ದ ಚಿಲ್ಲರೆಯಲ್ಲಿ ಒಂದು ರೂಪಾಯಿ ತೆಗೆದು, ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಮುಡಿಪು ಎಂದು ದೇವರ ಗೂಡಿನಲ್ಲಿಟ್ಟೆ. ಹರಕೆ ತೀರಿಸುವ ತನಕ ಮುಡಿಪನ್ನು ಯಾರೂ ಬಿಚ್ಚುವುದಿಲ್ಲ. ಇದು ಇವರಿಗೆ ಗೊತ್ತಿಲ್ಲದ್ದೇನಲ್ಲ. ನನಗೆ ಮುಡಿಪು ಕಟ್ಟಲು ಕಲಿಸಿದ್ದೇ ಇವರ ತಾಯಿ.

ಸ್ವಲ್ಪ ದಿನಕ್ಕೆ ಖಾಲಿ ಕಿಸೆ ತುಂಬಿತು. ಇವರು ಆಲ್ಬಂ ಹಿಡಿದು ಮಗಳ ಮುಂದೆ ಕುಣಿದದ್ದೇ ಕುಣಿದದ್ದು.

"ಸಚ್ಚೀ ಅಪ್ಪಾ? ಮೇರೇ ವಾಲಾ ಇಯರ್?" ಎಂದು ಅವಳೂ ಕುಣಿದಳು.

"ಎಲ್ಲಿ ಸಿಕ್ತು?" ಎಂದೆ.

"ಸಿಕ್ತು ಬಿಡು" ಎಂದರು. ನಾನು ಪೆದ್ದಿ, ಆವತ್ತು ಶಾವಿಗೆ ಪಾಯಸ ಮಾಡಿದೆ. ಈಗ ನೆನೆದರೆ ಆ ಪಾಯಸದ ಮೇಲೂ ಸಿಟ್ಟು ಬರುತ್ತದೆ.

ಜನವರಿಯಲ್ಲಿ ಒಂದು ಬೆಳಗ್ಗೆ, ಇವರು ಆಫೀಸಿಗೆ ಹೋದ ಮೇಲೆ, ಸಿಂಚನಾಗೆ ಉಸಿರು ಕಟ್ಟಿತು. ಪಕ್ಕದ ಮನೆಗೆ ಬೀಗ. ನಮ್ಮಲ್ಲಿ ಫೋನಿಲ್ಲ. ದೇವರ ಗೂಡಿನ ಮುಡಿಪನ್ನು ಧೈರ್ಯಕ್ಕೆಂದು ಪರ್ಸಿಗೆ ಹಾಕಿಕೊಂಡು, ಮಗಳನ್ನು ಎತ್ತಿಕೊಂಡು ಸೈಕಲ್ ರಿಕ್ಷಾದಲ್ಲಿ ಮಾರ್ಕೆಟ್ಟಿನ ಕ್ಲಿನಿಕ್ಕಿಗೆ ಓಡಿದೆ. ಡಾಕ್ಟರು ಔಷಧಿಯ ಹಬೆ ಕೊಟ್ಟು, ದೊಡ್ಡ ಆಸ್ಪತ್ರೆಗೆ ಒಯ್ಯಬೇಕು, ಇವಳ ಅಪ್ಪನನ್ನು ಕೂಡಲೇ ಕರೆಸಿ ಎಂದರು. ಅವರ ಫೋನಿನ ಲೈನ್ ಕೆಟ್ಟಿತ್ತು. ಎದುರಿಗಿದ್ದ ಕಿರಾಣಿ ಅಂಗಡಿಯಲ್ಲಿ ಕೆಂಪು ಡಬ್ಬಿಯ ಪಿಸಿಒ ಇತ್ತು. ಅದಕ್ಕೆ ಒಂದು ರೂಪಾಯಿಯ ನಾಣ್ಯವೇ ಆಗಬೇಕು.

ಪರ್ಸಿನಲ್ಲಿ ನೋಟುಗಳಿದ್ದವು, ಎರಡು ರೂಪಾಯಿಗಳಿದ್ದವು. ಒಂದು ರೂಪಾಯಿ ಒಂದಾದರೂ ಇರಬೇಕಲ್ಲ! ಹಿಂದಿನ ಸಂಜೆಯಷ್ಟೇ ಬಳಿದುಕೊಂಡಿದ್ದರಲ್ಲ ಪುಣ್ಯಾತ್ಮರು.

"ಛುಟ್ಟಾ ನಹೀ ಹೈ ಮೇಡಂ" ಎಂದ ಅಂಗಡಿಯವನು. ಚಿಲ್ಲರೆಯ ಬದಲು ಬೇಕಾದರೆ ಟಾಫಿ ಕೊಡುತ್ತೇನೆ ಎಂದ. ಅವನ ಮುಖಕ್ಕೆ ಪರ್ಸು ಎಸೆಯೋಣ ಅನ್ನಿಸಿತು.

ಬೇರೆ ದಾರಿ ಇರಲಿಲ್ಲ. 'ತಪ್ಪಾಯಿತು ಮಂಜುನಾಥಾ, ನಿನ್ನ ರೂಪಾಯಿ ಆಮೇಲೆ ತುಂಬಿಕೊಡುತ್ತೇನೆ' ಎಂದು ಮುಡಿಪಿನ ಗಂಟು ಬಿಚ್ಚಿದೆ. ಒಳಗಿದ್ದದ್ದು ಎರಡು ರೂಪಾಯಿಯ ನಾಣ್ಯ.

ನಾನು ಕಟ್ಟಿದ್ದು ಒಂದು ರೂಪಾಯಿ. ಅಲ್ಲೇ ನಿಂತಲ್ಲೇ ನನಗೆಲ್ಲ ಅರ್ಥವಾಯಿತು. ಆಲ್ಬಮಿನ ಖಾಲಿ ಕಿಸೆ ತುಂಬಿದ್ದು ಹೇಗೆಂದೂ, "ಸಿಕ್ತು ಬಿಡು" ಎಂದದ್ದು ಯಾಕೆಂದೂ. ಸಿಟ್ಟು ನೆತ್ತಿಗೇರಿತು. ಅಳುವುದಕ್ಕೂ ಬಿಡದಂಥ ಸಿಟ್ಟು. ಆ ಎರಡು ರೂಪಾಯಿಯನ್ನೇ ಡಬ್ಬಿಗೆ ತುರುಕಲು ನೋಡಿದೆ, ಹೋಗಲಿಲ್ಲ. ನನ್ನ ಅವಸ್ಥೆ ನೋಡುತ್ತಿದ್ದ ಕಡಲೆಕಾಯಿ ಗಾಡಿಯವನು ತನ್ನ ತಟ್ಟೆಯಿಂದ ಒಂದು ರೂಪಾಯಿ ತೆಗೆದು, "ಲೋ ಬೆಹೆನ್‌ಜೀ, ಪಹಲೇ ಫೋನ್ ಕರೋ" ಎಂದು ಕೈಗಿಟ್ಟ. ಬದಲಿಗೆ ಏನನ್ನೂ ತೆಗೆದುಕೊಳ್ಳಲಿಲ್ಲ.

ಫೋನ್ ಸಿಕ್ಕಿತು. ಇವರು ಬಂದರು, ಇಲ್ಲವೆನ್ನುವುದಿಲ್ಲ. ಸ್ವೆಟರ್ ತಿರುವುಮುರುವು ಹಾಕಿಕೊಂಡು, ಆಟೋದಿಂದ ಹಾರಿ ಬಂದು ಮಗಳನ್ನು ಎತ್ತಿಕೊಂಡರು. ದೊಡ್ಡ ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಅವಳ ಉಸಿರು ಹದಕ್ಕೆ ಬಂತು. ಆಗ ನಾನು ವರಾಂಡದಲ್ಲಿ ಅರಿಶಿನದ ಬಟ್ಟೆಯನ್ನು ಇವರ ಮುಂದೆ ಹಿಡಿದೆ.

ಮುಖ ಸಣ್ಣದಾಯಿತು. "ಮನಸ್ಸು ತಡೀಲಿಲ್ಲ ಕಣೇ, ಯಾವುದನ್ನ ಕಟ್ಟಿದೀಯೋ ನೋಡೋಣ ಅಂತ ಬಿಚ್ಚಿದೆ" ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. "ಎರಡು ರೂಪಾಯಿ ಇಟ್ಟಿದ್ದೆನಲ್ಲ. ದೇವರಿಗೆ ನಷ್ಟ ಏನೂ ಆಗಲಿಲ್ಲ" ಎಂದು ಸೇರಿಸಿದರು. ಬಟ್ಟೆಯನ್ನು ಮಡಚಿ ಪರ್ಸಿಗೆ ಹಾಕಿಕೊಂಡು ಮಗಳ ಹತ್ತಿರ ಹೋದೆ.

ಮಗಳು ಚೇತರಿಸಿಕೊಂಡು ಶಾಲೆಗೆ ಹೊರಟ ವಾರವೇ ಇವರ ಕೈ ಮತ್ತೆ ನನ್ನ ಪರ್ಸಿಗೆ ಬಂತು. ಆಲ್ಬಂ ತುಂಬಿತಲ್ಲ ಎಂದರೆ, ಹೊಸ ಇಸವಿಯವು ಬಂದಿರುತ್ತವೆ ಎಂಬ ಉತ್ತರ. ಮಾರನೆಯ ದಿನ ಆಲ್ಬಮಿನಿಂದ ನಕ್ಷತ್ರದ ರೂಪಾಯಿ ತೆಗೆದೆ. ಕದ್ದು ಬಿಚ್ಚಿದ್ದನ್ನು ಮತ್ತೆ ದೇವರಿಗೆ ಕಟ್ಟಲು ಮನಸ್ಸು ಬರಲಿಲ್ಲ, ಮಂಜುನಾಥನಿಗೆ ವೈಜಯಂತಿಯಿಂದ ಬೇರೊಂದು ರೂಪಾಯಿ ಇಸಿದುಕೊಂಡು ಕಟ್ಟಿದೆ. ಸಿಂಚನಾಳನ್ನು ಶಾಲೆಯಿಂದ ಕರೆದುಕೊಂಡು ಬರುತ್ತಾ ಅದೇ ಕೆಂಪು ಡಬ್ಬಿಯ ಮುಂದೆ ನಿಂತೆ.

"ಅಮ್ಮಾ, ಯೇ ತೋ ಮೇರಾ ವಾಲಾ ಹೈ ನಾ?" ಎಂದಳು.

"ಹೌದು ಕಣಮ್ಮಾ, ನಿನ್ನದೇ" ಎಂದು ಆಫೀಸಿನ ನಂಬರು ಒತ್ತಿದೆ. ಆ ಕಡೆ ಇವರ ದನಿ ಕೇಳಿದ ಕೂಡಲೇ ನಾಣ್ಯ ಬಿಟ್ಟೆ. ಅದು ಡಬ್ಬಿಯೊಳಗೆ ಬಿತ್ತು.

"ಜಲಜಾನಾ? ಎಲ್ಲಿಂದ ಮಾಡ್ತಿದೀಯ? ನಿನ್ನ ಹತ್ರ ರೂಪಾಯಿ ಎಲ್ಲಿತ್ತು?"

"ನಿಮ್ಮ ಆಲ್ಬಮಿನಲ್ಲಿತ್ತು" ಎಂದೆ.

ಆ ರೂಪಾಯಿಗೆ ಸಿಗುವ ಹೊತ್ತು ಮುಗಿದು ಲೈನ್ ಕಡಿಯುವ ತನಕ ನಾನು ಫೋನ್ ಇಡಲಿಲ್ಲ.