ಎದುರಾಳಿಗಳ ಕಡೆಯ ಬೆಂಚು

ನನ್ನ ಕಾಲ್ಗುಣ ಒಳ್ಳೆಯದಲ್ಲ. ಇದನ್ನು ಮೊದಲು ಕಂಡುಹಿಡಿದವರು ನನ್ನ ಅಣ್ಣಂದಿರು. ಕ್ರಿಕೆಟ್ ನಡೆಯುವಾಗ ನಾನು ಟೀವಿ ಕೋಣೆಗೆ ಕಾಲಿಟ್ಟರೆ ವಿಕೆಟ್ ಬೀಳುತ್ತದೆಂದು ಅಡುಗೆಮನೆಗೆ ಅಟ್ಟುತ್ತಿದ್ದರು. ಈ ಕತೆಯನ್ನು ನಗುನಗುತ್ತ ಮಗನಿಗೆ ಹೇಳಿದ್ದೇ ತಪ್ಪಾಯಿತು. ಅವನು ಕಾಲೇಜಿನ ಬೇಸ್‌ಬಾಲ್ ತಂಡದಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವನು. ನಾನು ನೋಡಲು ಹೋದ ಎರಡು ಪಂದ್ಯಗಳಲ್ಲೂ ಎದುರಿನ ಬ್ಯಾಟಿನವರಿಂದ ಚೆನ್ನಾಗಿ ಹೊಡೆಸಿಕೊಂಡ. ಕನ್ನಡದಲ್ಲಿ ಅವನಿಗೆ ಬರುವುದು ಹತ್ತಿಪ್ಪತ್ತು ಮಾತು, ಅದರಲ್ಲಿ ಕಾಲ್ಗುಣವೂ ಒಂದಾಗಿ ಸೇರಿಕೊಂಡಿತು.

ಈ ಮೇ ತಿಂಗಳಲ್ಲಿ ಸುತ್ತಲಿನ ಕಾಲೇಜುಗಳ ಕಾನ್ಫರೆನ್ಸ್ ಚಾಂಪಿಯನ್‌ಶಿಪ್ ಬಂದಾಗ ಫೋನಿನಲ್ಲಿ ಹೇಳಿದ: "ಅಮ್ಮಾ, ಪ್ಲೀಸ್ ಡೋಂಟ್ ಕಮ್. ಯು ನೋ, ಯುವರ್ ಕಾಲ್ಗುಣ."

"ಆಯ್ತಪ್ಪಾ, ಬರಲ್ಲ ಬಿಡು," ಎಂದೆ.

ಸಿಟ್ಟು ನೆತ್ತಿಗೇರಿತು. ಅವನಪ್ಪ ಬೇರೆಯಾದ ಮೇಲೆ ಪ್ರತಿ ಶನಿವಾರ ಇವನನ್ನು ಪ್ರಾಕ್ಟೀಸಿಗೆ ಕರೆದುಕೊಂಡು ಹೋಗುವಾಗ ಬ್ರೇಕು, ಆಕ್ಸಿಲರೇಟರ್ ತುಳಿದದ್ದು ಇದೇ ಕಾಲಲ್ಲವೇ?

ಅವನಿಗಿದು ಕಾಲೇಜಿನ ಕೊನೆಯ ವರ್ಷ. ತಂಡ ಆಗಲೇ ಒಂದು ಪಂದ್ಯ ಸೋತಿತ್ತು. ಇನ್ನೊಂದು ಸೋತರೆ ಟೂರ್ನಮೆಂಟಿನಿಂದ ಹೊರಗೆ, ಅವನ ಆಟಕ್ಕೂ ಅಲ್ಲಿಗೆ ಮಂಗಳ. ಅದನ್ನು ನೋಡದೆ ಮನೆಯಲ್ಲಿ ಕೂರಲು ನನ್ನಿಂದಾಗಲಿಲ್ಲ. ಕ್ರ್ಯಾನ್‌ಬರಿಯ ಆಫೀಸಿನಲ್ಲಿ ಅರ್ಧ ದಿನ ರಜೆ ಹಾಕಿ ಒಂದು ಗಂಟೆ ಡ್ರೈವ್ ಮಾಡಿದೆ. ಅವನ ತಂಡದ ತಂದೆತಾಯಂದಿರಿಗೆ ನನ್ನ ಗುರುತಿದೆ, ಕಂಡರೆ ಹೇಳಿಬಿಡುತ್ತಾರೆ. ಹಾಗಾಗಿ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಎದುರಾಳಿಗಳ ಕಡೆ ಹೋಗಿ ಕುಳಿತೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಯಾರು ತಿರುಗಿದರೂ ತಲೆ ತಗ್ಗಿಸುತ್ತಿದ್ದೆ.

ಮೇ ಬಂದರೂ ಗಾಳಿ ಕೊರೆಯುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಕೇಳದೆಯೇ ತನ್ನ ಕಂಬಳಿಯ ಅರ್ಧವನ್ನು ನನ್ನ ಮಂಡಿಯ ಮೇಲೆ ಎಳೆದಳು. ಅವಳ ಮಗ ಎದುರು ತಂಡದಲ್ಲಿದ್ದ, ನನ್ನವನೂ ಅದರಲ್ಲೇ ಇದ್ದಾನೆಂದುಕೊಂಡಿದ್ದಳು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಕೊನೆಯ ಇನ್ನಿಂಗ್ಸ್‌ಗೆ ಸ್ಕೋರ್ ಸಮ ಇತ್ತು. ಚೆಂಡು ನನ್ನ ಮಗನ ಕೈಗೆ ಬಂತು. "ಇವನನ್ನ ನಮ್ಮ ಹುಡುಗರು ಸುಲಭವಾಗಿ ಹೊಡೀತಾರೆ," ಎಂದಳು ಅವಳು. ನಿನ್ನ ಬಾಯಿಗೆ ಮಣ್ಣು ಹಾಕ, ಎಂದು ಮನಸ್ಸಿನಲ್ಲೇ ಬೈದೆ. ಕಂಬಳಿ ಮಾತ್ರ ಬಿಡಲಿಲ್ಲ.

ಮೂವರು ಔಟಾದರೆ ಅವರ ಸರದಿ ಮುಗಿಯುತ್ತದೆ. ಮಗ ಇಬ್ಬರನ್ನು ಔಟ್ ಮಾಡಿದ. ಸುತ್ತಲಿನವರೆಲ್ಲ ಉಸ್ಸೆಂದರು. ಚಪ್ಪಾಳೆ ಹೊಡೆದೇಬಿಡುತ್ತೇನೆಂದು ಹೆದರಿ ನಾನು ಕೈಗಳ ಮೇಲೆ ಕುಳಿತೆ. ಮೂರನೆಯವನು ಹೊಡೆದು, ರನ್ನಿನ ಅರ್ಧ ದಾರಿಯಾದ ಎರಡನೇ ಬೇಸ್ ತಲುಪಿದ. ಅವನ ನಂತರದವನು ಹೊಡೆದ ಚೆಂಡು ಎಲ್ಲರನ್ನೂ ದಾಟಿ ಬೇಲಿಯವರೆಗೆ ಉರುಳಿತು. ಬೇಸಿನಲ್ಲಿದ್ದವನು ಉಳಿದರ್ಧ ಓಡಿ ಮುಗಿಸಿದ, ಆ ಒಂದು ರನ್ನಿಗೆ ಎಲ್ಲ ಮುಗಿಯಿತು.

ಹೆಂಗಸು ಕಿರುಚಿಕೊಂಡು ನನ್ನನ್ನು ಬಾಚಿ ತಬ್ಬಿಕೊಂಡಳು. ಬಿಡಿಸಿಕೊಳ್ಳಬೇಕಿತ್ತು. ಆದರೆ ಬ್ರಿಡ್ಜ್‌ವಾಟರಿನ ಮನೆಯಲ್ಲಿ ಒಬ್ಬಳೇ ಇದ್ದು ಇದ್ದು, ಇನ್ನೊಬ್ಬರ ಮೈಯ ಬಿಸಿ ಹೇಗಿರುತ್ತದೆಂಬುದೇ ಮರೆತುಹೋಗಿತ್ತು. ನಾಚಿಕೆ ಬಿಟ್ಟು ನಾನೂ ಗಟ್ಟಿಯಾಗಿ ಹಿಡಿದುಕೊಂಡೆ. ನನ್ನ ಕಣ್ಣೀರನ್ನು ಅವಳು ಸಂತೋಷದ್ದೆಂದುಕೊಂಡಳು.

"ಇವರಲ್ಲಿ ನಿಮ್ಮ ಮಗ ಯಾರು?" ಎಂದು ಕೇಳಿದಳು.

ಗೆದ್ದ ಹುಡುಗರು ಮೈದಾನದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ರಾಶಿಯಾಗಿದ್ದರು. ಅವರ ಆಚೆ, ಪಿಚರ್ ನಿಲ್ಲುವ ದಿಣ್ಣೆಯ ಮೇಲೆ, ನನ್ನ ಮಗ ಮಂಡಿಗೆ ಕೈಯೂರಿ ಬಗ್ಗಿ ಒಬ್ಬನೇ ನಿಂತಿದ್ದ.

"ಅದೋ, ಅಲ್ಲಿ," ಎಂದು ನಾನು ರಾಶಿಯ ಕಡೆ ಕೈ ತೋರಿಸಿದೆ.