ಐವತ್ತು ಎಣಿಸುವವರೆಗಿನ ಮೌನ

ಧಾರವಾಡದಲ್ಲಿ ಬಿ.ಎ. ಮುಗಿಸಿ ಹೊನ್ನಾವರದ ಒಂದು ಹೈಸ್ಕೂಲಿಗೆ ಮಾಸ್ತರನಾಗಿ ಬಂದಾಗ ನನ್ನ ತಲೆಯಲ್ಲಿ ಇಡೀ ಯುರೋಪು ತುಂಬಿತ್ತು, ಅದೂ ಅರ್ಧ ಬೆಂದದ್ದು. ಮುಂಬೈ ರಾಜ್ಯ ಹೋಗಿ ಮೈಸೂರು ರಾಜ್ಯ ಬಂದ ಹೊಸತು. ಎಲ್ಲ ಹೊಸತಾಗಬೇಕು ಎಂದು ಎಲ್ಲರೂ ಹೇಳುತ್ತಿದ್ದರು. ನಾನು ನಾಟಕವನ್ನು ಹೊಸತು ಮಾಡಲು ಹೊರಟೆ. ಅದರಲ್ಲಿ ಹಾಳಾದವನು ನನ್ನ ಸೋದರಮಾವ.

ಕಾಲೇಜಿನಲ್ಲಿ ಯುರೋಪಿನ ರಂಗಭೂಮಿಯನ್ನು ಏಣಿಯ ಹಾಗೆ ಕಲಿಸಿದ್ದರು. ಮೊದಲು ಗ್ರೀಕರು: ಬಯಲು, ಮುಖವಾಡ, ವಿಧಿಯ ಮುಂದೆ ನರಳುವ ರಾಜರು. ಆಮೇಲೆ ಇಗರ್ಜಿಯ ಅಂಗಳದಲ್ಲಿ ದೇವರ ಕತೆ, ಆಮೇಲೆ ಅರಮನೆಯ ನಾಟಕ. ರಾಜರ ಕಾಲ ಇಳಿದು ವ್ಯಾಪಾರಿಗಳ, ನೌಕರಿಯವರ ಕಾಲ ಬಂದಾಗ ನಾಟಕವೂ ಮನೆಯೊಳಗೆ ಬಂದು ಕುರ್ಚಿಯ ಮೇಲೆ ಕೂತಿತು. ಮನುಷ್ಯನನ್ನು ರೂಪಿಸುವುದು ದೇವರಲ್ಲ, ಅವನ ರಕ್ತ ಮತ್ತು ಅವನ ಮನೆ ಎಂದು ಅಲ್ಲಿಯ ಜನ ನಂಬತೊಡಗಿದ ಮೇಲೆ ರಂಗಕ್ಕೆ ಮೂರು ಗೋಡೆ ಬಂದವು. ನಾಲ್ಕನೆಯದು ಪ್ರೇಕ್ಷಕರ ಕಡೆಗೆ, ಕಣ್ಣಿಗೆ ಕಾಣದ್ದು. ನಟ ಆ ಕಡೆ ನೋಡಬಾರದು. ಅದೇ ಏಣಿಯ ಕೊನೆಯ ಮೆಟ್ಟಿಲು ಎಂದು ನಾನು ತಿಳಿದೆ. ಅಲ್ಲಿ ಬದುಕು ಮೊದಲು ಬದಲಾಯಿತು, ನಾಟಕ ಅದರ ಬೆನ್ನಿಗೆ ಹೋಯಿತು ಎಂದು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ. ಬರೆದದ್ದಷ್ಟೇ, ತಲೆಗೆ ಹತ್ತಿರಲಿಲ್ಲ.

ಮಾವ ಹೊಳೆಯಾಚೆಯ ಮಂಕಿ ಎಂಬ ಊರಿನವನು. ಮಳೆಗಾಲದಲ್ಲಿ ಗದ್ದೆ, ಮಳೆ ಮುಗಿದರೆ ಯಕ್ಷಗಾನದ ಮೇಳ. ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಭಾಗವತರು ಒಂದು ಪದ ಹಾಡಿ ಬಿಟ್ಟರೆ ಅದರ ಮೇಲೆ ಅರ್ಧ ಗಂಟೆ ಮಾತಾಡುವವನು. ಬರೆದಿಟ್ಟ ಮಾತಲ್ಲ, ನಿಂತಲ್ಲೇ ಹುಟ್ಟುವ ಮಾತು. ಆ ಆಟದ ಕ್ರಮವೇ ಹಾಗೆ: ಪದ ಭಾಗವತರದು, ಅದಕ್ಕೆ ಮಾತು ವೇಷದವನದು. ಪದಕ್ಕೆ ಮಾತು ಕೊಡದವನು ಸೋತ ಎಂದೇ ಅರ್ಥ. ಮಾವನೂ ಅವನ ಮೇಳದ ಭಾಗವತರೂ ಇಪ್ಪತ್ತು ವರ್ಷದ ಜೊತೆಗಾರರು.

ನನ್ನ ನಾಟಕ ನಡೆಯುವುದು ಕುಮಟೆಯ ಒಂದು ಮನೆಯಲ್ಲಿ. ಮಗಳ ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದ ಅಪ್ಪ. ಗಂಡನ ಮನೆಯಿಂದ ತಿರುಗಿ ಬಂದ ಮಗಳು ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತಾಳೆ. ಅಪ್ಪ ಪ್ರೇಕ್ಷಕರಿಗೆ ಬೆನ್ನು ಹಾಕಿ ಸುಮ್ಮನೆ ಕೂತಿರಬೇಕು. ನಾನು ಐವತ್ತು ಎಣಿಸಿ ಪರದೆ ಬಿಡುವುದು. ಆ ಅಪ್ಪ ಮಾವನೇ ಆಗಬೇಕೆಂದು ಹಟ ಹಿಡಿದೆ.

ತಾಲೀಮಿನಲ್ಲಿ ಮಾವ ಕೇಳಿದ. "ಎಂತಕ್ಕೆ ಸುಮ್ನೆ ಕೂರೂದು ತಮಾ? ತಪ್ಪು ಮಾಡಿದವಂಗೆ ಮಾತಿಲ್ವಾ? ರಾವಣಂಗೂ ಮಾತಿತ್ತು."

"ಅದು ಪುರಾಣ ಮಾವ, ಇದು ಜೀವನ. ಎಂತ ಆದ್ರೂ ನೀ ಏಳ್ಬೇಡ, ತಿರುಗಿ ನೋಡ್ಬೇಡ."

"ಆತು," ಎಂದ. "ಓದಿದವ ನೀನು."

ಭಾನುವಾರ ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ನಾಟಕ. ಮಾವನ ಮಾತು ಕೇಳಲೆಂದು ಮಂಕಿಯ ಜನ ತಾರಿಯ ದೋಣಿಯಲ್ಲಿ ಹೊಳೆ ದಾಟಿ ಬಂದಿದ್ದರು. ಮೊದಲ ಸಾಲಿನಲ್ಲಿ ಭಾಗವತರು. ಮಗಳಾಗಿ ನಮ್ಮ ಡ್ರಾಯಿಂಗ್ ಮಾಸ್ತರರು ಸೀರೆ ಉಟ್ಟು ಬಂದರು. ನನ್ನ ವಾಸ್ತವತೆ ಅಷ್ಟರದ್ದೇ. ಅವರು ಕೇಳಬೇಕಾದ್ದನ್ನು ಕೇಳಿದರು. ಮಾವ ಬೆನ್ನು ತಿರುಗಿಸಿ ಕೂತ. ನಾನು ಪರದೆಯ ಹಗ್ಗ ಹಿಡಿದು ಎಣಿಸತೊಡಗಿದೆ.

ಹತ್ತಕ್ಕೆ ಜನರಲ್ಲಿ ಕೆಮ್ಮು ಶುರುವಾಯಿತು. ಇಪ್ಪತ್ತಕ್ಕೆ ಹಿಂದಿನಿಂದ ಯಾರೋ, "ಮಾತು ಮರ್ತೋಯ್ತು ಕಾಣ್ತದೆ," ಎಂದರು. ಆಗ ಭಾಗವತರು ತಡೆಯಲಾರದೆ ತೊಡೆಯ ಮೇಲೆ ತಾಳ ತಟ್ಟಿ ಹಾಡಿದರು. ಯಾಕೆ ಸುಮ್ಮನಾದೆ, ಮನಸ್ಸಿನಲ್ಲಿರುವುದನ್ನು ಹೇಳು ಎಂಬರ್ಥದ ಪದ, ಆಗಲೇ ಕಟ್ಟಿದ್ದು. ಚೆಂಡೆಯಿಲ್ಲ, ಮದ್ದಳೆಯಿಲ್ಲ. ಜೊತೆಗಾರ ಸಭೆಯಲ್ಲಿ ಮಾನ ಕಳೆದುಕೊಳ್ಳುತ್ತಿದ್ದಾನೆ, ಒಂದು ಎಳೆ ಎಸೆದರೆ ಹಿಡಿದುಕೊಂಡಾನು ಎಂದುಕೊಂಡು ಹಾಡಿದರು.

ಮಾವ ಕುರ್ಚಿಯ ಕೈ ಹಿಡಿದು ಅರ್ಧ ಎದ್ದ. ನನ್ನ ಕಡೆ ನೋಡಿದ. ನಾನು ತಲೆ ಅಲ್ಲಾಡಿಸಿದೆ. ಕೂತ. ಭಾಗವತರು ಅದೇ ಪದವನ್ನು ಇನ್ನೊಮ್ಮೆ ಹಾಡಿದರು. ಮಾವ ಕದಲಲಿಲ್ಲ, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಭಾಗವತರು ಶಾಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಹಗ್ಗ ನನ್ನ ಕೈಯಲ್ಲೇ ಇತ್ತು. ನಲವತ್ತೊಂದಾಗಿತ್ತು. ನಾನು ಐವತ್ತರ ತನಕ ಎಣಿಸಿದೆ. ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ಮಾವನಿಗೆ ಮಾತು ಬತ್ತಿತು ಎಂದು ಊರೆಲ್ಲ ಸುದ್ದಿಯಾಯಿತು. ಸಾವಿರ ಜನರ ಎದುರು ಪದಕ್ಕೆ ಬೆನ್ನು ತೋರಿಸಿದವನನ್ನು ಆ ವರ್ಷ ಮೇಳದವರು ಕರೆಯಲಿಲ್ಲ, ಮರುವರ್ಷವೂ ಕರೆಯಲಿಲ್ಲ. ಸಾವಿರ ಜನ ಇರಲಿಲ್ಲ, ಇನ್ನೂರಿದ್ದರೆ ಹೆಚ್ಚು. ಆದರೆ ಬಾಯಿಂದ ಬಾಯಿಗೆ ಹೋದದ್ದು ಬೆಳೆಯುತ್ತದೆ. ನಾನು ಭಾಗವತರ ಮನೆಗೆ ಹೋಗಿ ತಪ್ಪು ನನ್ನದೆಂದೆ, ನಾಲ್ಕನೆಯ ಗೋಡೆಯ ವಿಷಯ ವಿವರಿಸಿದೆ. ಅವರು ಪೂರ್ತಿ ಕೇಳಿದರು.

"ಗೋಡೆ ಎಲ್ಲಿತ್ತು ಮಾಸ್ತರೆ?" ಎಂದರು. "ನಾ ಎದುರೇ ಕೂತಿದ್ದೆ."

ಮೂರನೆಯ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಾವ ಹೆಣ ನೋಡಲು ಹೋಗಿ ದೂರ ನಿಂತು ಬಂದ.

ಇನ್ನೂ ಕೆಲವು ವರ್ಷ ಕಳೆದ ಮೇಲೆ ಕುಮಟೆಯ ಒಂದು ವಾಚನಾಲಯದಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆ ಕೈಗೆ ಸಿಕ್ಕಿತು. ಎರಡು ಯುದ್ಧಗಳಲ್ಲಿ ಮನೆ, ನಂಬಿಕೆ ಎರಡೂ ಉರುಳಿದ ಯುರೋಪಿನಲ್ಲಿ ಕೆಲವರು ಆ ಗೋಡೆಯನ್ನೇ ಕಿತ್ತು ಹಾಕಿದ್ದಾರೆ ಎಂದಿತ್ತು. ನಡುವೆ ಹಾಡು ತರುತ್ತಾರಂತೆ. ನಟ ಜನರ ಕಡೆ ತಿರುಗಿ ನೇರ ಮಾತಾಡುತ್ತಾನಂತೆ. ನಮ್ಮ ಪೂರ್ವದೇಶದ ಆಟಗಳನ್ನು ನೋಡಿ ಬೆರಗಾಗಿದ್ದಾರಂತೆ. ಅದೇ ಪುಟವನ್ನು ಇನ್ನೊಮ್ಮೆ ಓದಿದೆ. ಅದು ಏಣಿಯೇ ಆಗಿರಲಿಲ್ಲ. ಅವರವರ ಸಂಕಟಕ್ಕೆ ಅವರವರು ಕಂಡುಕೊಂಡ ದಾರಿಗಳು. ನಮ್ಮದಲ್ಲದ ಸಂಕಟದ ಮೌನವನ್ನು ತಂದು ನಾನು ಮಂಕಿಯ ಒಬ್ಬ ಮಾತುಗಾರನ ಬಾಯಿಗೆ ತುರುಕಿದ್ದೆ.

ಮರುದಿನವೇ ಮಂಕಿಗೆ ಹೋದೆ. ಮಾವ ಹರಿವೆ ಮಡಿಗೆ ನೀರು ಹಾಕುತ್ತಿದ್ದ. ಓದಿದ್ದನ್ನೆಲ್ಲ ಹೇಳಿದೆ. ಕೊಡಪಾನ ಕೆಳಗಿಟ್ಟು ಕೇಳಿದ.

"ಹಂಗಾರೆ ಆ ದಿವಸ ನಾ ಎದ್ದು ಮಾತಾಡಿದ್ರೂ ಅಡ್ಡಿಲ್ಲಾಗಿತ್ತು, ಅಲ್ದಾ?"

"ಹೌದು ಮಾವ."

"ಮಾತು ಬಂದಿತ್ತು ನಂಗೆ. ಬಾಯಿ ತನಕ ಬಂದಿತ್ತು."

ಏನು ಹೇಳಬೇಕೆಂದಿದ್ದೆ, ಈಗಲಾದರೂ ಹೇಳು ಎಂದು ಬೇಡಿಕೊಂಡೆ. ಮಾವ ಕೊಡಪಾನ ಎತ್ತಿಕೊಂಡ.

"ಪದ ಹಾಡೂಕೆ ಅವ್ರೇ ಇಲ್ವಲ್ಲಾ ತಮಾ," ಎಂದ.