ಸೂಟು ಹಾಕಿದ್ದು ಎಲ್ಲಿ?

ಕಾನೂನು ಓದುವವರು ವಕೀಲರ ಆಫೀಸಿನಲ್ಲಿ ಇಂಟರ್ನ್‌ಶಿಪ್ ಮಾಡಲೇಬೇಕು ಎಂದು ಕಾಲೇಜಿನವರು ಪಟ್ಟು ಹಿಡಿದಾಗ ನನಗೆ ಸಿಕ್ಕಿದ್ದು ಜಯನಗರದ ಒಂದು ಆಫೀಸು. ಕೆಳಗೆ ಸೀರೆ ಅಂಗಡಿ, ಮೇಲೆ ನ್ಯಾಯ. ಉತ್ತರಹಳ್ಳಿಯಿಂದ ಬಸ್ಸಿನಲ್ಲಿ ನಿಂತುಕೊಂಡು, ಆ ಸುಡುಬಿಸಿಲಿನಲ್ಲಿ ಕರಿ ಕೋಟನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡು ಹೋಗುತ್ತಿದ್ದೆ. ಕೋಟಿಗೆ ಬೆವರು ತಾಗಬಾರದು ಎಂಬುದು ಅಮ್ಮನ ಕಟ್ಟಪ್ಪಣೆ. ನಮ್ಮ ಬೀದಿಯ ಆಂಟಿಯರು ಆಗಲೇ ನನ್ನನ್ನು ಲಾಯರಮ್ಮ ಎಂದು ಕರೆದು, ಪಕ್ಕದ ಮನೆಯ ಸಜ್ಜಾ ತಮ್ಮ ಕಾಂಪೌಂಡಿನೊಳಗೆ ಚಾಚಿರುವುದಕ್ಕೆ ಏನು ಮಾಡಬೇಕೆಂದು ಕೇಳತೊಡಗಿದ್ದರು. ನಾನು ಅಲ್ಲಿ ಮಾಡುತ್ತಿದ್ದುದು ಜೆರಾಕ್ಸ್ ತರುವ ಕೆಲಸ ಎಂದು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಸೀನಿಯರ್ ಕೆಟ್ಟವರಲ್ಲ. ಆದರೆ ಏನು ಕೇಳಿದರೂ ನೋಡಿ ಕಲೀಬೇಕಮ್ಮ ಎನ್ನುತ್ತಿದ್ದರು. ಏನನ್ನು ನೋಡುವುದು, ಗೋಡೆಯನ್ನೇ? ಕಕ್ಷಿದಾರರು ಬಂದ ಕೂಡಲೇ ಒಳಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಸೀನಿಯರ್ ಕೈಕೆಳಗಿನ ಯುವ ವಕೀಲ ಅವರ ಕಷ್ಟವನ್ನು ಕನ್ನಡದಲ್ಲಿ ಕೇಳಿ, ಇಂಗ್ಲಿಷಿನಲ್ಲಿ ಬರೆದು, ಆ ಟಿಪ್ಪಣಿಯನ್ನು ನನ್ನ ಮುಂದೆ ಎಸೆದು ಹೋಗುತ್ತಿದ್ದ. ಇಂಟರ್ನ್‌ಗಳು ಕಕ್ಷಿದಾರರ ಹತ್ತಿರ ಮಾತಾಡಕೂಡದು ಎಂಬುದು ಆ ಆಫೀಸಿನ ಪದ್ಧತಿ. ನೀರಿನ ಫಿಲ್ಟರ್ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ನನಗೆ ಬರುವವರ ಮುಖ ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ.

ಆ ಹೆಂಗಸು ಬಂದಿದ್ದು ನಾನು ಸೇರಿದ ಹೊಸತರಲ್ಲಿ. ಬಾಗಲಕೋಟೆ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದು ಅಲ್ಲೇ ಒಂದು ಆಫೀಸಿನ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ಊರಿನಲ್ಲಿ ತಾಯಿಗೆ ಹುಷಾರಿಲ್ಲದೆ ಹೋಗಿ ಬಂದದ್ದಕ್ಕೆ ಕಂಪನಿಯವರು ನೋಟಿಸು ಕೊಟ್ಟಿದ್ದರು. ಅನುಮತಿಯಿಲ್ಲದೆ ಗೈರುಹಾಜರಾಗಿದ್ದೀರಿ, ನಿಮ್ಮನ್ನು ಏಕೆ ತೆಗೆಯಬಾರದು, ತಿಂಗಳು ಮುಗಿಯುವುದರೊಳಗೆ ಉತ್ತರ ಕೊಡಿ ಎಂದು. ಸರಿಯಾದ ಒಂದು ಉತ್ತರ ಹೋದರೆ ಅವರ ಕೆಲಸ ಉಳಿಯುತ್ತಿತ್ತು, ಹೋಗದಿದ್ದರೆ ಇಲ್ಲ. ನೋಡಿದರೆ ಅರ್ಧ ದಿನದ ಕೆಲಸ.

ಆದರೆ ಯುವ ವಕೀಲನ ಟಿಪ್ಪಣಿಯಲ್ಲಿ ಒಂದು ಸಾಲಿತ್ತು: ಮ್ಯಾನೇಜರ್ ಮೇಲೆ ಈಗಾಗಲೇ ಸೂಟ್ ಹಾಕಿದ್ದಾರೆ. ವಕೀಲರ ಬಾಯಲ್ಲಿ ಸೂಟ್ ಎಂದರೆ ಸಿವಿಲ್ ದಾವೆ. ಸೀನಿಯರ್ ಹಣೆ ಗಂಟು ಹಾಕಿದರು. ಆ ದಾವೆಯಲ್ಲಿ ಈಕೆ ಏನು ಹೇಳಿಕೊಂಡಿದ್ದಾರೋ ತಿಳಿಯದೆ ಉತ್ತರ ಬರೆದರೆ ಎರಡಕ್ಕೂ ತಾಳೆಯಾಗದೆ ಸಿಕ್ಕಿಬೀಳುತ್ತೇವೆ, ಮೊದಲು ಸೂಟ್ ನಂಬರ್ ತರಲಿ ಎಂದರು. ಆಕೆ ತಲೆಯಾಡಿಸಿ ಹೋದರು. ಮುಂದಿನ ವಾರ ಬಂದು, ಆಫೀಸಿನಲ್ಲಿ ಕೇಳಿದೆ, ಅದಕ್ಕೆ ನಂಬರ್ ಅಂತ ಇರುವುದಿಲ್ಲವಂತೆ ಎಂದರಂತೆ. ಹಾಗಾದರೆ ಬರೆದುಕೊಟ್ಟ ವಕೀಲರು ಯಾರು ಎಂದು ಕೇಳಿದ್ದಕ್ಕೆ, ಯಾರೂ ಇಲ್ಲ, ನಾನೇ ಬರೆದು ಕೊಟ್ಟೆ ಎಂದರಂತೆ. ಅಲ್ಲಿಗೆ ಸೀನಿಯರ್ ಪಿತ್ತ ನೆತ್ತಿಗೇರಿತು. ವಕೀಲರನ್ನು ಬಿಟ್ಟು ತಾವೇ ಕೋರ್ಟಿಗೆ ಹೋಗುವವರನ್ನು ಕಂಡರೆ ಅವರಿಗೆ ಮೊದಲಿಂದಲೂ ಆಗುತ್ತಿರಲಿಲ್ಲ.

ಸೂಟನ್ನು ಹುಡುಕುವ ಭಾಗ್ಯ ನನ್ನ ಪಾಲಿಗೆ ಬಂತು. ಕೋರ್ಟಿನ ವೆಬ್‌ಸೈಟಿನಲ್ಲಿ ಆಕೆಯ ಹೆಸರು ಹಾಕಿದರೆ ಅದೇ ಹೆಸರಿನ ಹೆಂಗಸರು ಸಾಲುಸಾಲಾಗಿ ಬಂದರು. ಒಬ್ಬೊಬ್ಬರನ್ನೂ ತೆರೆದು ನೋಡಲು, ಕೇಳುತ್ತಿರುವುದು ಯಂತ್ರವಲ್ಲ ಎಂದು ತೋರಿಸಲಿಕ್ಕೆ ಪರದೆಯ ಮೇಲಿನ ಸೊಟ್ಟ ಅಕ್ಷರಗಳನ್ನು ಓದಿ ಟೈಪ್ ಮಾಡಬೇಕಿತ್ತು. ನಾನು ಮನುಷ್ಯಳೆಂದು ಅದಕ್ಕೆ ಒಪ್ಪಿಸುವಷ್ಟರಲ್ಲಿ ನನಗೇ ಅನುಮಾನ ಬರುತ್ತಿತ್ತು. ಆಮೇಲೆ ಮೆಟ್ರೋ ಹತ್ತಿ ಕೋರ್ಟಿಗೇ ಹೋದೆ. ಅಲ್ಲಿ ಕೇಳಿದವರೆಲ್ಲ ನಂಬರ್ ಹೇಳಿ ಎಂದರು. ನಂಬರ್ ಗೊತ್ತಿದ್ದರೆ ನಾನ್ಯಾಕೆ ಇಲ್ಲಿ ಒದ್ದಾಡಲಿ ಸ್ವಾಮಿ? ಸಂಜೆ ಬಸ್ಸಿನಲ್ಲಿ ನಿಂತು ಆ ಹೆಂಗಸನ್ನೇ ಶಪಿಸಿದೆ. ಎಲ್ಲಿ ಸೂಟು ಹಾಕಿದೆ ಎಂಬುದೂ ನೆನಪಿರದ ಇಂಥವರು ಯಾಕೆ ಕೋರ್ಟಿಗೆ ಹೋಗುತ್ತಾರೋ ಎಂದು ಮೈ ಉರಿಯುತ್ತಿತ್ತು.

ತಿಂಗಳ ಕೊನೆ ಹತ್ತಿರ ಬಂದಿತ್ತು. ಆಕೆ ಮತ್ತೆ ಬಂದಾಗ ಸೀನಿಯರ್ ಮತ್ತು ಯುವ ವಕೀಲ ಇಬ್ಬರೂ ಕೋರ್ಟಿಗೆ ಹೋಗಿದ್ದರು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಪದ್ಧತಿ ಹಾಳಾಗಲಿ ಎಂದುಕೊಂಡು, ಸ್ವಲ್ಪ ಗದರಿಸಿದ ಹಾಗೆಯೇ ಕೇಳಿದೆ.

"ಯಾವ ಕೋರ್ಟಲ್ಲಿ ಹಾಕಿದ್ರಿ ಅಕ್ಕ? ಅದಾದ್ರೂ ಹೇಳಿ."

ಆಕೆ ಸೆರಗು ಬಿಟ್ಟು ನನ್ನ ಕಡೆ ತಿರುಗಿದರು.

"ಕೋರ್ಟಿನ್ಯಾಗ ಯಾಕ ಸೂಟಿ ಹಾಕ್ಲಿರಿ? ಆಫೀಸಿನ್ಯಾಗ ಹಾಕೀನಿ. ಅವ್ವಗ ಆರಾಮ ಇದ್ದಿಲ್ಲ, ಊರಿಗೆ ಹೋಗೂದಿತ್ತು. ಮ್ಯಾನೇಜರ್ ಕಡೆ ಸೂಟಿ ಹಾಕಿ, ಹೂಂ ಅನಿಸಿಕೊಂಡ ಹೋಗೀನ್ರಿ."

ಸೂಟಿ. ರಜೆ. ಆಕೆಯ ಊರಿನ ಕಡೆ ರಜೆಗೆ ಹಾಗೆನ್ನುತ್ತಾರೆ. ಮ್ಯಾನೇಜರ್ ಕಡೆ ರಜೆ ಹಾಕಿದ್ದು ಇಲ್ಲಿಗೆ ಬರುವಷ್ಟರಲ್ಲಿ ಮ್ಯಾನೇಜರ್ ಮೇಲೆ ದಾವೆಯಾಗಿತ್ತು. ನಾವು ನಂಬರ್ ಕೇಳಿದೆವೆಂದು ಪಾಪ ಆಕೆ ತನ್ನ ರಜೆ ಅರ್ಜಿಗೆ ನಂಬರ್ ಕೊಡಿ ಎಂದು ಆಫೀಸಿನಲ್ಲಿ ಕೇಳಿ ನಗೆಪಾಟಲಾಗಿ ಬಂದಿದ್ದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಇಷ್ಟು ದಿನ ಹುಡುಕಿದ್ದಕ್ಕಿಂತ, ಒಬ್ಬರಾದರೂ ಆಕೆಯ ಮಾತನ್ನು ಕೊನೆತನಕ ಕೇಳಿಸಿಕೊಳ್ಳಲಿಲ್ಲವಲ್ಲ ಎಂದು ಸಿಟ್ಟು ಒದ್ದುಕೊಂಡು ಬಂತು. ಅವರಾಡಿದ್ದೂ ಕನ್ನಡ, ನಮ್ಮದೂ ಕನ್ನಡ.

ಅಷ್ಟರಲ್ಲಿ ಸೀನಿಯರ್ ಮತ್ತು ಯುವ ವಕೀಲ ಬಂದರು. ಆಕೆಯ ಎದುರಿಗೇ ಹೇಳಿದೆ, ಸೂಟಿ ಅಂದರೆ ರಜೆ, ದಾವೆ ಅಲ್ಲ ಎಂದು. ಸೀನಿಯರ್ ಕನ್ನಡಕ ತೆಗೆದು ಒರೆಸಿದರು. ಯುವ ವಕೀಲ, ಆಕೆ ಮೊದಲೇ ನೆಟ್ಟಗೆ ರಜೆ ಅಂತ ಹೇಳಬೇಕಿತ್ತು ಎಂದು ಗೊಣಗಿದ. ಸೀನಿಯರ್ ನನ್ನ ಕಡೆ ತಿರುಗಿ, ಇದನ್ನು ನೀನಾದರೂ ಮೊದಲೇ ಹೇಳಬಾರದಿತ್ತೇ ಎಂದರು. ಮಾತಾಡಕೂಡದು ಎಂದವರು ಯಾರು ಎಂದು ಬಾಯಿತನಕ ಬಂದ ಮಾತನ್ನು ನುಂಗಿಕೊಂಡೆ. ಸರ್ಟಿಫಿಕೇಟಿಗೆ ಅವರೇ ಸಹಿ ಹಾಕಬೇಕಿತ್ತು.

ಉತ್ತರ ಸಿದ್ಧವಾಗಲು ಈ ಸಂಜೆಯೇ ಸಾಕು, ನಾಳೆ ಬಂದು ಸಹಿ ಹಾಕಿ ಎಂದು ಸೀನಿಯರ್ ಆಕೆಗೆ ಹೇಳಿದರು. ಆಕೆ ಎದ್ದು ಹೊರಟು, ಬಾಗಿಲ ಹತ್ತಿರ ನಿಂತರು.

"ನಾಳೆ ಬರಬೇಕಂದ್ರ ಮತ್ತ ಸೂಟಿ ಹಾಕಬೇಕಾಗ್ತೈತ್ರಿ."

ಆಕೆ ನಮ್ಮಲ್ಲಿಗೆ ಬಂದ ಪ್ರತಿ ಸಲವೂ ರಜೆ ಹಾಕಿಯೇ ಬಂದಿದ್ದರು. ರಜೆಗಾಗಿ ಕೆಲಸ ಹೋಗುವಂತಿದ್ದವರಿಂದ ನಾವು ಇನ್ನಷ್ಟು ರಜೆ ಹಾಕಿಸಿದ್ದೆವು. ಉತ್ತರವನ್ನು ನಾನೇ ಅವರ ಆಫೀಸಿಗೆ ತೆಗೆದುಕೊಂಡು ಹೋಗಿ ಸಹಿ ಹಾಕಿಸುತ್ತೇನೆ ಎಂದೆ. ಅದು ಅನುಮತಿ ಕೇಳಿದ್ದಲ್ಲ, ಹೇಳಿದ್ದು.

ಆ ಉತ್ತರದಿಂದ ಅವರ ಕೆಲಸ ಉಳಿಯಿತು ಎಂದು ಆಮೇಲೆ ತಿಳಿಯಿತು. ಸರ್ಟಿಫಿಕೇಟಿನಲ್ಲಿ ಸೀನಿಯರ್ ನನ್ನ ಬಗ್ಗೆ ಬರೆದದ್ದು, ದಾವೆಗಳ ಶೋಧನೆಯಲ್ಲಿ ಪರಿಶ್ರಮವಿದೆ ಎಂದು. ಇಲ್ಲದ ದಾವೆ ಎಂದು ಸೇರಿಸಿದ್ದರೆ ನಿಜವಾಗುತ್ತಿತ್ತು.

ಅದೆಲ್ಲ ಆಮೇಲಿನ ಮಾತು. ಮರುದಿನ ಮಧ್ಯಾಹ್ನ ಬಿಟಿಎಂನಲ್ಲಿ ಅವರ ಆಫೀಸಿನ ಗೇಟಿನ ಹತ್ತಿರ ಕಾದೆ. ಊಟದ ಬಿಡುವಿನಲ್ಲಿ ಹೊರಗೆ ಬಂದರು. ಯಾರದೋ ಸ್ಕೂಟರಿನ ಸೀಟಿನ ಮೇಲೆ ಹಾಳೆಗಳನ್ನು ಹರಡಿದೆ. ಇಂಗ್ಲಿಷ್ ನೋಡಿ, ಓದಿ ಹೇಳ್ರಿ ಎಂದರು. ನಾನು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ, ಲೀವ್ ಎಂದು ಬಂದಲ್ಲೆಲ್ಲ ಸೂಟಿ ಎಂದೆ. ತಾಯಿಗೆ ಆರಾಮ ಇರಲಿಲ್ಲ, ಸೂಟಿ ಹಾಕಿದ್ದೆ, ಮ್ಯಾನೇಜರ್ ಒಪ್ಪಿದ್ದರು, ಹೋಗಿ ಬಂದೆ. ಆಕೆ ಪೂರ್ತಿ ಕೇಳಿ, ಪೆನ್ನು ತೆಗೆದುಕೊಂಡರು.

"ಇದರಾಗ ಇಷ್ಟ ಐತೇನ್ರಿ?" ಎಂದರು. "ಇದನ್ನ ನಾ ಮೊದಲನೇ ದಿನಾನ ಹೇಳಿದ್ನೆಲ್ರಿ."